ಅಮ್ಮನಿಗೆ ಸಂಧಿವಾತ, ನೆಂಟರು ಗ್ಯಾನೋಡರ್ಮ ಕ್ಯಾಪ್ಸೂಲ್ ತಂದು ಕೊಟ್ಟಿದ್ದಾರೆ. ಕೊಡಬಹುದಾ?

ಬ್ರಹ್ಮಾವರದ ಮಗಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ಅಮ್ಮನಿಗೆ ರುಮಟಾಯ್ಡ್ ಆರ್ಥ್ರೈಟಿಸ್. ಬೆರಳ ಗಂಟುಗಳೆಲ್ಲ ಊದಿಕೊಳ್ಳುತ್ತವೆ, ಬೆಳಿಗ್ಗೆ ಎದ್ದು ತುಂಬಾ ಹೊತ್ತಿನವರೆಗೆ ಕೈ ಮಡಚಲು ಆಗುವುದಿಲ್ಲ, ಕಾಯಿ ತುರಿಯುವುದು, ಬಟ್ಟೆ ಹಿಂಡುವುದೆಲ್ಲ ಈಗ ನನ್ನದೇ. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ತಗೊಳ್ಳುತ್ತಾರೆ, ಮರುದಿನ ಫೋಲಿಕ್ ಆಸಿಡ್. ಆಗಾಗ ರಕ್ತ ಪರೀಕ್ಷೆ. ಮೊದಲಿಗೆ ಹೋಲಿಸಿದರೆ ಎಷ್ಟೋ ವಾಸಿ. ಆದರೆ ಮಳೆಗಾಲ ಶುರುವಾದರೆ ನೋವು ಜಾಸ್ತಿ ಅಂತ ಗೊಣಗುತ್ತಾರೆ.

ಈಗ ವಿಷಯ ಎಂತ ಅಂದ್ರೆ, ದೊಡ್ಡಮ್ಮನ ಮಗ ಒಂದು ಕಂಪನಿಗೆ ಸೇರಿದ್ದಾನೆ, ಒಬ್ಬರ ಕೆಳಗೆ ಇನ್ನೊಬ್ಬರನ್ನು ಸೇರಿಸುತ್ತಾ ಹೋಗುವಂಥದ್ದು. ಮೊನ್ನೆ ಬಂದವನು ಗ್ಯಾನೋಡರ್ಮ ಅನ್ನುವ ಅಣಬೆಯ ಕ್ಯಾಪ್ಸೂಲ್ ಡಬ್ಬಿ, ಅದೇ ಅಣಬೆ ಹಾಕಿದ ಕಾಫಿ ಪುಡಿ ಎರಡೂ ಇಟ್ಟು ಹೋದ. "ಚಿಕ್ಕಮ್ಮ, ಇದು ಇಮ್ಯುನಿಟಿ ಹೆಚ್ಚು ಮಾಡ್ತದೆ, ಉರಿಯೂತವನ್ನೂ ಇಳಿಸ್ತದೆ, ಮೂರು ತಿಂಗಳು ತಗೊಳ್ಳಿ, ಆಮೇಲೆ ಇಂಗ್ಲಿಷ್ ಮದ್ದು ಬಿಡಬಹುದು" ಅಂದ. ಅವನು ಹೇಳಿದ್ದರಲ್ಲಿ ಅಮ್ಮನ ತಲೆಯಲ್ಲಿ ಉಳಿದದ್ದು ಕೊನೆಯ ಮಾತು ಮಾತ್ರ.

ನನಗೆ ಅರ್ಥವಾಗದ್ದು ಇಷ್ಟೇ. ಈ ಕಾಯಿಲೆಯಲ್ಲಿ ನಮ್ಮ ಇಮ್ಯುನಿಟಿಯೇ ನಮ್ಮ ಕೀಲುಗಳ ಮೇಲೆ ಬೀಳುವುದು, ಅದಕ್ಕೇ ಅದನ್ನು ತಗ್ಗಿಸುವ ಮದ್ದು ಕೊಡುವುದು ಅಂತ ಡಾಕ್ಟರ್ ಹೇಳಿದ್ದರು. ಹಾಗಾದರೆ ಇಮ್ಯುನಿಟಿ ಹೆಚ್ಚು ಮಾಡುವ ವಸ್ತು ಇವರಿಗೆ ಯಾಕೆ? ಅದೇ ವಸ್ತು ಉರಿಯೂತ ಇಳಿಸುವುದು ಹೇಗೆ? ಅಣ್ಣನನ್ನು ಕೇಳಿದರೆ "ಅದು ಬ್ಯಾಲೆನ್ಸ್ ಮಾಡ್ತದೆ" ಅಂತಾನೆ. ನೆಟ್‌ನಲ್ಲಿ ಹುಡುಕಿದರೆ ಅರ್ಧ ಜನ ಅಮೃತ ಅಂತಾರೆ, ಅರ್ಧ ಜನ ಬರೀ ಮೋಸ ಅಂತಾರೆ. ಗೊತ್ತಿದ್ದವರು ಹೇಳಿ. ಇನ್ನೊಂದು, ಅಮ್ಮನಿಗೆ ಕಲ್ಲಣಬೆ, ಮೊದಲ ಮಳೆಗೆ ಗುಡ್ಡದಲ್ಲಿ ಏಳುವ ಆ ಉರುಟು ಅಣಬೆ, ಅಂದ್ರೆ ಪ್ರಾಣ. ಅದನ್ನೂ ನಿಲ್ಲಿಸಬೇಕಾ?

ಕೊಡಿಯಾಲದ ಮೇಷ್ಟ್ರು

ನಿಮ್ಮ ಸಂಶಯ ಸರಿಯಾಗಿಯೇ ಉಂಟು. ನಾನು ಮಂಗಳೂರಿನಲ್ಲಿ ಫಾರ್ಮಕಾಲಜಿ ಪಾಠ ಮಾಡುವವನು, ರೋಗಿಗಳನ್ನು ನೋಡುವ ಡಾಕ್ಟರ್ ಅಲ್ಲ. ಹಾಗಾಗಿ ಎಷ್ಟು ಕೊಡಿ, ಎಷ್ಟು ಬಿಡಿ ಅಂತ ಹೇಳುವುದಿಲ್ಲ. ಮೈಯೊಳಗೆ ಏನಾಗುತ್ತದೆ ಅಂತ ಮಾತ್ರ ಹೇಳುತ್ತೇನೆ.

ಈ ಅಣಬೆಯಲ್ಲಿ ಎರಡು ಜಾತಿಯ ಸಾಮಾನು ಇದೆ, ಎರಡರ ಕೆಲಸ ಬೇರೆ ಬೇರೆ. ಮೊದಲನೆಯದು ಬೀಟಾ ಗ್ಲೂಕಾನ್. ಅಣಬೆಯ ಕೋಶದ ಗೋಡೆ ಕಟ್ಟಿರುವುದೇ ಈ ಸಕ್ಕರೆಯ ಸರಪಳಿಯಿಂದ. ಓಟ್ಸ್‌ನಲ್ಲೂ ಬೀಟಾ ಗ್ಲೂಕಾನ್ ಇದೆ, ಆದರೆ ಕೊಂಡಿ ಹಾಕಿಕೊಂಡಿರುವ ರೀತಿ ಬೇರೆ, ಅದು ಕೊಲೆಸ್ಟರಾಲ್ ಕಡೆ ಕೆಲಸ ಮಾಡುವಂಥದ್ದು. ಅಣಬೆಯದ್ದು ನಮ್ಮ ದೇಹದಲ್ಲಿ ಎಲ್ಲೂ ಇಲ್ಲದ ವಸ್ತು. ಹಾಗಾಗಿ ಅದನ್ನು ಕಂಡ ಕೂಡಲೇ ನಮ್ಮ ಬಿಳಿ ರಕ್ತಕಣಗಳು "ಶಿಲೀಂಧ್ರ ಒಳಗೆ ಬಂತು" ಅಂತ ತಿಳಿಯುತ್ತವೆ. ಮ್ಯಾಕ್ರೊಫೇಜ್, ನ್ಯೂಟ್ರೊಫಿಲ್ ಅನ್ನುವ ಕಣಗಳ ಮೈಮೇಲೆ ಡೆಕ್ಟಿನ್-1 ಅಂತ ಒಂದು ಪ್ರೋಟೀನ್ ಇದೆ. ಬೀಟಾ ಗ್ಲೂಕಾನ್ ಹಿಡಿಯುವುದು ಅದೇ ಅಂತ 2001ರಲ್ಲಿ ಗೊತ್ತಾಯಿತು. ಹಿಡಿದ ಮೇಲೆ ಆ ಕಣ ಎಚ್ಚರವಾಗಿ ಟಿಎನ್‌ಎಫ್, ಐಎಲ್-6 ಅನ್ನುವ ಸಂದೇಶಗಳನ್ನು ಹೊರಗೆ ಬಿಡುತ್ತದೆ. "ಇಮ್ಯುನಿಟಿ ಹೆಚ್ಚಾಗ್ತದೆ" ಅನ್ನುವ ಮಾತಿನ ಹಿಂದಿರುವುದು ಇದೇ, ಸುಳ್ಳಲ್ಲ. ಆದರೆ ನಿಮ್ಮ ಅಮ್ಮನ ಕಾಯಿಲೆಯಲ್ಲಿ ಕೀಲಿನೊಳಗೆ ಹಾವಳಿ ಮಾಡುವುದೂ ಇದೇ ಟಿಎನ್‌ಎಫ್. ಮಾತ್ರೆಗೆ ಬಗ್ಗದವರಿಗೆ ಕೊಡುವ ಅಡಾಲಿಮುಮಾಬ್ ಅಂಥ ದುಬಾರಿ ಇಂಜೆಕ್ಷನ್ ತಡೆಯುವುದೂ ಅದನ್ನೇ.

ಎರಡನೆಯದು ಟ್ರೈಟರ್ಪೀನ್. ಗ್ಯಾನೋಡರ್ಮದಲ್ಲಿ ಗ್ಯಾನೋಡೆರಿಕ್ ಆಸಿಡ್ ಅಂತ ಇರುತ್ತದೆ, ಆ ಅಣಬೆಯ ಕಹಿಗೆ ಕಾರಣ ಈ ಗುಂಪು. ಲ್ಯಾಬ್‌ನಲ್ಲಿ ಇವು ಉರಿಯೂತದ ಸಂದೇಶಗಳನ್ನು ಇಳಿಸುತ್ತವೆ, ಟಿಎನ್‌ಎಫ್ ಕೂಡ ಕಡಿಮೆಯಾಗುತ್ತದೆ. ಇದೂ ಸುಳ್ಳಲ್ಲ. ಆದರೆ ಇಂಥ ಹೆಚ್ಚಿನ ಪ್ರಯೋಗ ನಡೆಯುವುದು ಇಲಿಯಿಂದ ಬಂದ ಒಂದು ಮ್ಯಾಕ್ರೊಫೇಜ್ ತಳಿಯ ಮೇಲೆ. ಅದಕ್ಕೆ ಬ್ಯಾಕ್ಟೀರಿಯಾದ ಸಿಪ್ಪೆ ಹಾಕಿ ಕೆರಳಿಸುವುದು, ಮೇಲೆ ಅಣಬೆಯ ಸಾರ ಸುರಿಯುವುದು, ಎಷ್ಟು ಇಳಿಯಿತು ಅಂತ ಅಳೆಯುವುದು. ನಮ್ಮ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಲ್ಲೂ ಇದೇ. ಪ್ಲೇಟಿನಲ್ಲಿ ನೇರ ಸುರಿದಷ್ಟು ಪ್ರಮಾಣ ನುಂಗಿದ ಕ್ಯಾಪ್ಸೂಲಿನಿಂದ ಬೆರಳ ಗಂಟಿಗೆ ತಲುಪುತ್ತದೆ ಅಂತ ಯಾರೂ ತೋರಿಸಿಲ್ಲ ಮಾರಾಯ್ರೆ.

ಬಿಸಿನೀರಿನಲ್ಲಿ ಕುದಿಸಿ ತೆಗೆದರೆ ಬೀಟಾ ಗ್ಲೂಕಾನ್ ಜಾಸ್ತಿ ಬರುತ್ತದೆ, ಟ್ರೈಟರ್ಪೀನ್ ಬೇಕಾದರೆ ಆಲ್ಕೊಹಾಲ್ ಬೇಕು. ಅಂದರೆ ಒಂದೇ ಅಣಬೆಯಿಂದ ಕೆರಳಿಸುವ ಸಾರವನ್ನೂ ತೆಗೆಯಬಹುದು, ತಣಿಸುವ ಸಾರವನ್ನೂ ತೆಗೆಯಬಹುದು. ನಿಮ್ಮ ಡಬ್ಬಿಯೊಳಗೆ ಯಾವುದು ಎಷ್ಟಿದೆ ಅಂತ ಡಬ್ಬಿ ಹೇಳುತ್ತದಾ? "ಬ್ಯಾಲೆನ್ಸ್" ಅನ್ನುವುದು ಬಹಳ ಅನುಕೂಲದ ಮಾತು. ಏರಿದರೂ ಬ್ಯಾಲೆನ್ಸ್, ಇಳಿದರೂ ಬ್ಯಾಲೆನ್ಸ್.

ಇನ್ನು ಸಂಧಿವಾತದ ರೋಗಿಗಳ ಮೇಲೆ ನೇರ ನೋಡಿದ್ದಾರಾ? ನೋಡಿದ್ದಾರೆ. ಹಾಂಗ್‌ಕಾಂಗ್‌ನಲ್ಲಿ ಮಾಡಿದ್ದು 2007ರಲ್ಲಿ ಪ್ರಕಟವಾಯಿತು. 65 ರೋಗಿಗಳು, ಅರ್ಧ ಜನರಿಗೆ ಗ್ಯಾನೋಡರ್ಮ ಮತ್ತು ಒಂದು ಚೀನೀ ಗಿಡಮೂಲಿಕೆಯ ಮಿಶ್ರಣ, ಉಳಿದವರಿಗೆ ಸುಳ್ಳು ಮಾತ್ರೆ, 24 ವಾರ. ತಮ್ಮ ಮಾಮೂಲಿ ಮದ್ದನ್ನು ಯಾರೂ ಬಿಟ್ಟಿರಲಿಲ್ಲ. ಕೊನೆಗೆ ಒಂದು ಮಟ್ಟಕ್ಕೆ ಸುಧಾರಿಸಿದವರು ಆ ಗುಂಪಿನಲ್ಲಿ 15%, ಸುಳ್ಳು ಮಾತ್ರೆಯವರಲ್ಲಿ 9%. ಇಷ್ಟು ಚಿಕ್ಕ ಗುಂಪಿನಲ್ಲಿ ಅದು ವ್ಯತ್ಯಾಸ ಅಂತ ಲೆಕ್ಕಕ್ಕೆ ಬರುವುದಿಲ್ಲ. ನೋವಿನಲ್ಲಿ ಸ್ವಲ್ಪ ಆರಾಮ ಕಂಡಿತು, ಉರಿಯೂತ ಇಳಿದದ್ದು ಕಾಣಲಿಲ್ಲ.

ಹೆಬ್ರಿ ಕಾಡು

ಮೇಷ್ಟ್ರೇ, ಎಲ್ಲವನ್ನೂ ಹೀಗೆ ತಳ್ಳಿಹಾಕಿದರೆ ಹೇಗೆ? ಜಪಾನಿನಲ್ಲಿ ಅಣಬೆಯಿಂದ ತೆಗೆದ ಮದ್ದನ್ನು ಕ್ಯಾನ್ಸರ್‌ಗೆ ಸರಕಾರವೇ ಒಪ್ಪಿಕೊಂಡಿತ್ತು, ಅದೂ ನಿನ್ನೆ ಮೊನ್ನೆ ಅಲ್ಲ. ಚೀನಾದಲ್ಲಿ ಎಷ್ಟು ಕಾಲದಿಂದ ಕುಡಿಯುತ್ತಾ ಬಂದಿದ್ದಾರೆ. ನಮ್ಮಲ್ಲಿ ಮಾತ್ರ ಅಣಬೆ ಅಂದ್ರೆ ಮೂಗು ಮುರಿಯುವುದು. ನನ್ನ ಭಾವನಿಗೆ ಕೀಮೋ ಆಗುವಾಗ ಕುಡಿಸಿದ್ದೆವು, ಸುಸ್ತು ಕಡಿಮೆ ಇತ್ತು.

ಕೊಡಿಯಾಲದ ಮೇಷ್ಟ್ರು

ತಳ್ಳಿಹಾಕಿಲ್ಲ, ನೀವು ಹೇಳಿದ್ದು ನಿಜ. ಕ್ರೆಸ್ಟಿನ್ ಅಂತ ಒಂದು, ಟರ್ಕಿ ಟೈಲ್ ಅನ್ನುವ ಅಣಬೆಯಿಂದ ತೆಗೆದದ್ದು, ಜಪಾನಿನಲ್ಲಿ 1977ರಲ್ಲಿ ಒಪ್ಪಿಗೆ ಸಿಕ್ಕಿತು. ಶಿಟಾಕೆ ಅಣಬೆಯ ಲೆಂಟಿನಾನ್ 1985ರಲ್ಲಿ ಬಂತು, ಹೊಟ್ಟೆಯ ಕ್ಯಾನ್ಸರಿಗೆ ಕೀಮೋ ಜೊತೆಯಲ್ಲಿ ಇಂಜೆಕ್ಷನ್ ರೂಪದಲ್ಲಿ. ಎರಡೂ ಶುದ್ಧ ಮಾಡಿದ, ಅಳೆದ ಮದ್ದು, ಎರಡನ್ನೂ ಕೊಡುತ್ತಿದ್ದದ್ದು ಕೀಮೋಗೆ ಬದಲಿಯಾಗಿ ಅಲ್ಲ, ಅದರ ಜೊತೆಗೆ. ಎಲ್ಲಕ್ಕಿಂತ ಮುಖ್ಯ, ಕ್ಯಾನ್ಸರ್‌ನಲ್ಲಿ ಇಮ್ಯುನಿಟಿ ಎಚ್ಚರ ಆಗಬೇಕು, ಸಂಧಿವಾತದಲ್ಲಿ ಅದು ಮಲಗಬೇಕು. ನಿಮ್ಮ ಭಾವನ ಲೆಕ್ಕವನ್ನು ಇವರ ಅಮ್ಮನಿಗೆ ಹಾಕುವುದು ಹೇಗೆ?

ಇನ್ನೂ ಒಂದು ಸಂಗತಿ ಹೇಳಲೇಬೇಕು. ಜಪಾನಿನದ್ದೇ. ಎಸ್‌ಕೆಜಿ ಅಂತ ಒಂದು ಇಲಿಯ ತಳಿ, ಹುಟ್ಟಿನಿಂದಲೇ ಸಂಧಿವಾತ ಬರುವ ಗುಣ ಅದಕ್ಕೆ. ಆದರೆ ಪೂರ್ತಿ ಚೊಕ್ಕ ಜಾಗದಲ್ಲಿ ಸಾಕಿದರೆ ಕಾಯಿಲೆ ಬರುವುದಿಲ್ಲ. ಅಂಥ ಇಲಿಗಳ ಹೊಟ್ಟೆಗೆ ಬೀಟಾ ಗ್ಲೂಕಾನ್ ಚುಚ್ಚಿದಾಗ ಕೀಲುಗಳು ಊದಿಕೊಂಡವು. ಡೆಕ್ಟಿನ್-1 ಅನ್ನು ಅಡ್ಡಗಟ್ಟಿದರೆ ಊತ ಬರಲಿಲ್ಲ. 2005ರಲ್ಲಿ ಬಂದ ಕೆಲಸ. ಇದನ್ನು ಓದಿ ಅಣಬೆ ತಿಂದರೆ ಸಂಧಿವಾತ ಬರುತ್ತದೆ ಅಂತ ಯಾರೂ ಸ್ಟೇಟಸ್ ಹಾಕಬೇಡಿ ದಯವಿಟ್ಟು. ಅದು ಇಲಿ, ಅದರಲ್ಲೂ ವಿಶೇಷ ಇಲಿ, ಅದರಲ್ಲೂ ಚುಚ್ಚುಮದ್ದು. ನುಂಗಿದ ಬೀಟಾ ಗ್ಲೂಕಾನನ್ನು ಜೀರ್ಣಿಸುವ ಕಿಣ್ವ ನಮಗಿಲ್ಲ, ಅದು ಬಹುಪಾಲು ಕರುಳಿನಲ್ಲೇ ಇರುತ್ತದೆ. ಆದರೆ "ಸಹಜ ವಸ್ತು, ಹಾಗಾಗಿ ಈ ಕಾಯಿಲೆಯವರಿಗೂ ಏನೂ ಆಗುವುದಿಲ್ಲ" ಅಂತ ಎದೆ ತಟ್ಟಿ ಹೇಳುವವರಿಗೆ ಇದು ಗೊತ್ತಿರಲಿ ಅಂತ.

ವಿಟ್ಲದ ತೋಟ

ನಡುವೆ ಬಾಯಿ ಹಾಕುತ್ತೇನೆ. ಗ್ಯಾನೋಡರ್ಮ ಅಂದ್ರೆ ನಮ್ಮ ಅಡಿಕೆಗೆ ಬರುವ ಅಣಬೆ ರೋಗದ್ದೇ ಅಲ್ವಾ? ಸೋಗೆ ಹಳದಿಯಾಗಿ ಜೋತು ಬೀಳುತ್ತದೆ, ಬುಡದಿಂದ ಕಂದು ಅಂಟು ಒಸರುತ್ತದೆ, ಬೇರು ಕೊಳೆಯುತ್ತದೆ, ಕೊನೆಗೆ ಬುಡದಲ್ಲಿ ಅರ್ಧ ತಟ್ಟೆಯ ಹಾಗೆ ಕಂದುಕೆಂಪು ಅಣಬೆ ಏಳುತ್ತದೆ, ಮೇಲೆ ವಾರ್ನಿಶ್ ಹೊಡೆದ ಹೊಳಪು, ಅಂಚು ಬೆಳ್ಳಗೆ. ಅಷ್ಟು ಹೊತ್ತಿಗೆ ಮರದ ಕಥೆ ಮುಗಿದಿರುತ್ತದೆ. ಬುಡ ಸಮೇತ ಕಿತ್ತು ಸುಟ್ಟು, ಸುತ್ತ ಕಣಿ ತೋಡಿ, ಉಳಿದ ಮರಗಳಿಗೆ ಬೇವಿನ ಹಿಂಡಿ, ಟ್ರೈಕೊಡರ್ಮ ಹಾಕುತ್ತಾ ಕೂತಿದ್ದೇವೆ ನಾವು. ಇದೇ ಸಾಮಾನನ್ನು ಡಬ್ಬಿಯಲ್ಲಿ ಹಾಕಿ ಎರಡು ಸಾವಿರಕ್ಕೆ ಮಾರುತ್ತಾರೆ ಅಂದ್ರೆ ನಮ್ಮ ತೋಟದಲ್ಲಿ ಲಕ್ಷಗಟ್ಟಲೆ ಇದೆ ಮಾರಾಯ್ರೆ! ಪಕ್ಕದ ಮನೆಯವರು ಒಣಗಿಸಿ ಕಷಾಯ ಮಾಡುವ ಅಂದಾಜಿನಲ್ಲಿದ್ದಾರೆ. ಮಾಡಬಹುದಾ?

ಕೊಡಿಯಾಲದ ಮೇಷ್ಟ್ರು

ಬೇಡ ಅಂತ ಕೈ ಮುಗಿದು ಹೇಳಿ ಅವರಿಗೆ. ಗ್ಯಾನೋಡರ್ಮದಲ್ಲಿ ಹತ್ತಾರು ಜಾತಿ. ಚೀನಾದವರು ಬೆಳೆಸುವುದನ್ನೇ 2012ರಲ್ಲಿ ಬೇರೆ ಜಾತಿ ಅಂತ ವಿಂಗಡಿಸಿ ಹೊಸ ಹೆಸರು ಕೊಟ್ಟರು, ಅಷ್ಟರವರೆಗೆ ಅದನ್ನೂ ಯುರೋಪಿನದ್ದನ್ನೂ ಒಂದೇ ಅಂತ ಬರೆಯುತ್ತಿದ್ದರು. ನಿಮ್ಮ ಅಡಿಕೆ ಬುಡದ್ದು ಯಾವುದು ಅಂತ ಕಣ್ಣಲ್ಲಿ ನೋಡಿ ಹೇಳಲಾಗದು. ಅದಕ್ಕಿಂತ ದೊಡ್ಡದು, ಕೊಳೆರೋಗಕ್ಕೆ ನೀವು ವರ್ಷ ವರ್ಷ ಬೋರ್ಡೋ ಹೊಡೆಯುತ್ತೀರಿ. ಆ ಮೈಲುತುತ್ತಿನ ತಾಮ್ರವೆಲ್ಲ ಮಳೆಗೆ ತೊಳೆದು ಇಳಿಯುವುದು ಅದೇ ಬುಡಕ್ಕೆ. ಅಣಬೆಗಳು ಲೋಹವನ್ನು ಹೀರಿ ಒಳಗೆ ಕೂಡಿಟ್ಟುಕೊಳ್ಳುವುದರಲ್ಲಿ ಭಾರೀ ಹುಷಾರು.

ರಥಬೀದಿ ಮೆಡಿಕಲ್ಸ್‌ನವ

ಉಡುಪಿಯಲ್ಲಿ ಮದ್ದಿನ ಅಂಗಡಿ ಇಟ್ಟವನು ನಾನು. ಇಮ್ಯುನಿಟಿ ಹೆಚ್ಚುತ್ತದಾ ಇಲ್ಲವಾ ಅನ್ನುವುದಕ್ಕಿಂತ ನನಗೆ ಹೆದರಿಕೆ ಆಗುವುದು "ಮೂರು ತಿಂಗಳಲ್ಲಿ ಮದ್ದು ಬಿಡಬಹುದು" ಅನ್ನುವ ಮಾತಿಗೆ. ಮೆಥೊಟ್ರೆಕ್ಸೇಟ್ ಬಿಟ್ಟ ಮರುದಿನವೇ ನೋವು ಬರುವುದಿಲ್ಲ. ಅದರ ಪರಿಣಾಮ ಕೆಲವು ವಾರ ಉಳಿಯುತ್ತದೆ. ಅಷ್ಟು ದಿನ ಆರಾಮಾಗಿದ್ದದ್ದರ ಹೆಸರೆಲ್ಲ ಕ್ಯಾಪ್ಸೂಲಿಗೆ. ಅಷ್ಟರಲ್ಲಿ ನಮ್ಮ ತುಳುವರ ಆಟಿ ತಿಂಗಳು ಕಳೆದು ಸೋಣ ತಿಂಗಳ ಬಿಸಿಲೂ ಬಂದಿರುತ್ತದೆ, ಮಳೆಗಾಲದ ನೋವು ಹೇಗೂ ಕಡಿಮೆಯಾಗುತ್ತದೆ. ಆಮೇಲೆ ಗಂಟು ಊದಿಕೊಂಡು ಬರುವ ಹೊತ್ತಿಗೆ ಒಳಗೆ ಮೂಳೆ ಸವೆಯಲು ಶುರುವಾಗಿರುತ್ತದೆ. ಸವೆದ ಕೀಲು ಮತ್ತೆ ಸರಿಯಾಗುವುದಿಲ್ಲ ಅಕ್ಕ.

ಎರಡನೆಯದು ಲಿವರ್. ಮೆಥೊಟ್ರೆಕ್ಸೇಟ್ ತಗೊಳ್ಳುವವರಿಗೆ ಆಗಾಗ ರಕ್ತ ಪರೀಕ್ಷೆ ಮಾಡಿಸುವುದೇ ಲಿವರ್ ಮತ್ತು ರಕ್ತಕಣಗಳ ಮೇಲೆ ಕಣ್ಣಿಡಲು. ಗ್ಯಾನೋಡರ್ಮ ಪುಡಿ ತಗೊಂಡವರ ಲಿವರ್ ಕೆಟ್ಟ ವರದಿಗಳು ಹಾಂಗ್‌ಕಾಂಗ್, ಥಾಯ್ಲೆಂಡ್‌ನಿಂದ ಬಂದಿವೆ. ಅಪರೂಪ ಇರಬಹುದು. ಆದರೆ ಒಂದು ವೇಳೆ ನಿಮ್ಮ ಅಮ್ಮನ ರಿಪೋರ್ಟ್ ಏರುಪೇರಾದರೆ ಡಾಕ್ಟರ್ ಮೊದಲು ನಿಲ್ಲಿಸುವುದು ಮೆಥೊಟ್ರೆಕ್ಸೇಟನ್ನು, ಯಾಕೆಂದರೆ ಡಬ್ಬಿಯ ವಿಷಯ ಅವರಿಗೆ ಯಾರೂ ಹೇಳಿರುವುದಿಲ್ಲ. ಕೆಲಸ ಮಾಡುತ್ತಿದ್ದ ಮದ್ದು ಸುಮ್ನೆ ಕೈತಪ್ಪುತ್ತದೆ.

ಈಗ ಡಬ್ಬಿ ತಗೊಂಡು ತಿರುಗಿಸಿ ನೋಡಿ. ಹಿಂದೆ ಸಣ್ಣ ಅಕ್ಷರದಲ್ಲಿ ಎಫ್‌ಎಸ್‌ಎಸ್‌ಎಐಯ, ಅಂದ್ರೆ ಆಹಾರ ಸುರಕ್ಷತೆ ನೋಡಿಕೊಳ್ಳುವ ಸರಕಾರಿ ಸಂಸ್ಥೆಯ, 14 ಅಂಕಿಯ ಲೈಸೆನ್ಸ್ ನಂಬರ್ ಇರಬೇಕು. ಅಂದರೆ ಅದು ಆಹಾರ ಅಂತ ಪರವಾನಗಿ ಪಡೆದದ್ದು, ಮದ್ದು ಅಂತ ಅಲ್ಲ. "ನಾಟ್ ಫಾರ್ ಮೆಡಿಸಿನಲ್ ಯೂಸ್" ಅಂತಲೂ ಎಲ್ಲೋ ಬರೆದಿರಬೇಕು, ಹುಡುಕಿ. ಆ ಸಾಲನ್ನು ನಿಮ್ಮ ಅಣ್ಣನಿಗೆ ಓದಿಸಿ ನೋಡಿ, ಎಂತ ಹೇಳುತ್ತಾನೆ ಅಂತ ನಮಗೂ ತಿಳಿಸಿ. ಒಳಗಿರುವುದು ಗ್ಯಾನೋಡರ್ಮವೇ ಅಂತಲೂ ನಂಬಿಕೆ ಬೇಡ. ಅಮೆರಿಕದಲ್ಲಿ ಮಾರುವ 19 ಗ್ಯಾನೋಡರ್ಮ ಸರಕುಗಳನ್ನು ಪರೀಕ್ಷೆ ಮಾಡಿದ್ದು 2017ರಲ್ಲಿ ಪ್ರಕಟವಾಗಿತ್ತು, ಅದರಲ್ಲಿ ಬರೀ 5 ಮಾತ್ರ ಅಸಲಿ. ಅಣಬೆಯ ಬೇರಿನಂಥ ಎಳೆಗಳನ್ನು ಅಕ್ಕಿ, ಜೋಳದ ಮೇಲೆ ಬೆಳೆಸಿ ಕಾಳು ಸಮೇತ ಪುಡಿ ಮಾಡುವವರೂ ಇದ್ದಾರೆ. ಆಗ "ಪಾಲಿಸ್ಯಾಕರೈಡ್ ಇಷ್ಟು", ಅಂದ್ರೆ ಸಕ್ಕರೆಯ ಸರಪಳಿ ಇಷ್ಟು, ಅಂತ ದೊಡ್ಡದಾಗಿ ಬರೆದದ್ದರಲ್ಲಿ ಬಹಳಷ್ಟು ಬರೀ ಪಿಷ್ಟ.

ಪಣಂಬೂರ್ ಪೋರ

ನಮ್ಮ ಜಿಮ್‌ನಲ್ಲಿ ಎಲ್ಲರೂ ಕಾರ್ಡಿಸೆಪ್ಸ್ ತಗೊಳ್ತಾರೆ, ಹಿಮಾಲಯದ ಕೀಡಾ ಜಡಿ ಅಂತ. ಅದು ಹೇಗೆ? ಅದೂ ಇಮ್ಯುನಿಟಿಗೆ ಒಳ್ಳೆಯದಂತೆ.

ಕೊಡಿಯಾಲದ ಮೇಷ್ಟ್ರು

ಹಿಮಾಲಯದ್ದು ಹುಳದ ಮೈಯಲ್ಲಿ ಬೆಳೆಯುವ ಶಿಲೀಂಧ್ರ, ಅದರ ಬೆಲೆ ಕೇಳಿದರೆ ನಿಮ್ಮ ಜಿಮ್ ಡಬ್ಬಿಯಲ್ಲಿ ಅದಿಲ್ಲ ಅಂತ ಗೊತ್ತಾಗುತ್ತದೆ. ಅಲ್ಲಿರುವುದು ಹೆಚ್ಚಾಗಿ ಲ್ಯಾಬ್‌ನಲ್ಲಿ ಬೆಳೆಸಿದ ಅದರ ದಾಯಾದಿ.

ಆದರೆ ಈ ಬಳಗದ ಬಗ್ಗೆ ನಾನು ತರಗತಿಯಲ್ಲಿ ಯಾವಾಗಲೂ ಹೇಳುವ ವಿಷಯ ಒಂದಿದೆ. ಕಿಡ್ನಿ ಬದಲಾಯಿಸಿದವರಿಗೆ ಕೊಡುವ ಸೈಕ್ಲೋಸ್ಪೊರಿನ್ ಗೊತ್ತಲ್ಲ, ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದ ಹಾಗೆ ಇಮ್ಯುನಿಟಿಯನ್ನು ಅದುಮಿ ಹಿಡಿಯುವ ಮದ್ದು. ಅದು ಸಿಕ್ಕಿದ್ದು ನಾರ್ವೆಯ ಮಣ್ಣಿನಲ್ಲಿದ್ದ ಒಂದು ಶಿಲೀಂಧ್ರದಿಂದ, ಅದು ಕಾರ್ಡಿಸೆಪ್ಸ್‌ನ ಹತ್ತಿರದ ಸಂಬಂಧಿ. 2010ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಫಿಂಗೊಲಿಮಾಡ್, ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ ಕೊಡುವುದು, ಅದರ ಮೂಲವೂ ಹುಳದ ಮೇಲೆ ಬೆಳೆಯುವ ಇನ್ನೊಂದು ಶಿಲೀಂಧ್ರ. ಅದೂ ಇಮ್ಯುನಿಟಿ ಇಳಿಸುವಂಥದ್ದೇ. ಅಂದರೆ ಶಿಲೀಂಧ್ರದಿಂದ ಬಂದು ನಿಜಕ್ಕೂ ಮದ್ದಾಗಿ ಗೆದ್ದವುಗಳಲ್ಲಿ ಇಮ್ಯುನಿಟಿ ಏರಿಸುವವಕ್ಕಿಂತ ಇಳಿಸುವವೇ ಜೋರು. ಇಮ್ಯುನಿಟಿ ಬೂಸ್ಟರ್ ಅಂತ ಮಾರುವವರು ಈ ಕಥೆ ಎತ್ತುವುದೇ ಇಲ್ಲ.

ಹೆಬ್ರಿಯವರು ಬೇಸರ ಮಾಡಿಕೊಂಡ ಹಾಗಿದೆ, ಅದಕ್ಕೆ ಅವರ ಪರವಾಗಿಯೂ ಒಂದು. ಫ್ಲಾರಿಡಾದಲ್ಲಿ 52 ಆರೋಗ್ಯವಂತರಿಗೆ ದಿನಕ್ಕೆ 5 ಅಥವಾ 10 ಗ್ರಾಂ ಒಣ ಶಿಟಾಕೆಯನ್ನು ನಾಲ್ಕು ವಾರ ಊಟದಲ್ಲಿ ಕೊಟ್ಟು ನೋಡಿದರು, 2015ರಲ್ಲಿ ಪ್ರಕಟ. ಕೆಲವು ರಕ್ಷಣಾ ಕಣಗಳು ಚುರುಕಾದವು, ಅದೇ ಹೊತ್ತಿಗೆ ಉರಿಯೂತ ತೋರಿಸುವ ಸಿಆರ್‌ಪಿ ಇಳಿಯಿತು. ಹಾಗಾಗಿ ಎರಡೂ ಒಟ್ಟಿಗೆ ಆಗುವುದೇ ಇಲ್ಲ ಅಂತ ನಾನು ಹೇಳಲಾರೆ. ಆದರೆ ಅವರೆಲ್ಲ ಗಟ್ಟಿಮುಟ್ಟಾದ ಹರೆಯದವರು, ತಿಂದದ್ದು ಅಣಬೆಯನ್ನೇ, ಹೋಲಿಸಿ ನೋಡಲು ಅಣಬೆ ತಿನ್ನದ ಗುಂಪೂ ಇರಲಿಲ್ಲ.

ಹೆಬ್ರಿ ಕಾಡು

ಬೇಸರ ಎಂತದ್ದು ಇಲ್ಲ. ಭಾವನಿಗೆ ಕುಡಿಸುವಾಗ ನಾವು ಡಾಕ್ಟರಿಗೆ ಹೇಳಿಯೇ ಕುಡಿಸಿದ್ದು. ಅದನ್ನು ಮೊದಲೇ ಬರೆಯಬೇಕಿತ್ತು ಅಷ್ಟೇ.

ಬ್ರಹ್ಮಾವರದ ಮಗಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಡಬ್ಬಿ ತಿರುಗಿಸಿ ನೋಡಿದೆ. 14 ಅಂಕಿ ಇದೆ. ಆ ಸಾಲೂ ಇದೆ, ಎಕ್ಸ್‌ಪೈರಿ ದಿನಾಂಕದ ಕೆಳಗೆ, ಅಮ್ಮನ ಕನ್ನಡಕ ಹಾಕಿಕೊಂಡರೆ ಮಾತ್ರ ಕಾಣುತ್ತದೆ. "ಅಣಬೆ ಪುಡಿ" ಅಂತ ಇದೆಯೇ ಹೊರತು ಸಾರವಾ, ಎಷ್ಟು ಬೀಟಾ ಗ್ಲೂಕಾನ್, ಏನೂ ಇಲ್ಲ. ಕಾಫಿ ಪುಡಿಯಲ್ಲಿ ಮೊದಲ ಹೆಸರು ಸಕ್ಕರೆ!

ಅಮ್ಮ ಒಪ್ಪಿದ್ದಾರೆ, ಮೆಥೊಟ್ರೆಕ್ಸೇಟ್ ಬಿಡುವುದಿಲ್ಲ ಅಂತ. ಮುಂದಿನ ಸಲ ರಕ್ತ ಪರೀಕ್ಷೆಗೆ ಹೋಗುವಾಗ ಡಬ್ಬಿಯನ್ನೂ ಹಿಡಿದುಕೊಂಡು ಹೋಗುತ್ತೇನೆ, ಅಲ್ಲಿಯವರೆಗೆ ಅದು ಬೀರುವಿನೊಳಗೆ. ಕಷ್ಟ ಇರುವುದು ಅಣ್ಣನಿಗೆ ಹೇಳುವುದು. ಅವನು ಕೆಟ್ಟವನಲ್ಲ, ಅಪ್ಪ ಹೋದಾಗ ಓಡಾಡಿದ್ದೆಲ್ಲ ಅವನೇ. ಈಗ ಕೈಯಿಂದ ದುಡ್ಡು ಹಾಕಿ ಸರಕು ತಗೊಂಡು ಕೂತಿದ್ದಾನೆ. ಕಲ್ಲಣಬೆಯ ಬಗ್ಗೆ ಯಾರೂ ಹೇಳಲೇ ಇಲ್ಲ.

ರಥಬೀದಿ ಮೆಡಿಕಲ್ಸ್‌ನವ

ಅಣ್ಣನಿಗೆ ವಿಜ್ಞಾನ ಹೇಳಲು ಹೋಗಬೇಡಿ, ಜಗಳ ಆಗುತ್ತದೆ. "ಡಾಕ್ಟರ್ ಕೇಳಿ ಹೇಳ್ತೇನೆ ಅಂದಿದ್ದಾರೆ" ಅಂತ ಹೇಳಿ ಬಿಡಿ. ಸೀಲ್ ಒಡೆಯದ ಡಬ್ಬಿಯಾದರೆ ವಾಪಸು ಕೊಡಿ, ಅವನಿಗೂ ದುಡ್ಡು ಉಳಿಯಲಿ. ಕಂಪನಿ ಸರಕು ವಾಪಸು ತಗೊಳ್ಳುವ ನಿಯಮ ಏನಿದೆ ಅಂತ ಅವನೇ ಬೇಗ ವಿಚಾರಿಸುವುದು ಒಳ್ಳೆಯದು.

ಕಾರ್ಕಳದ ಅಜ್ಜಿಮನೆ

ಕಲ್ಲಣಬೆ ನನ್ನ ವಿಷಯ, ಅದಕ್ಕೆ ಬಂದೆ. ಊಟದಲ್ಲಿ ಬೇಯಿಸಿ ತಿನ್ನುವ ಅಣಬೆಗೂ ದಿನಾ ನುಂಗುವ ಸಾರಕ್ಕೂ ಅಜಗಜಾಂತರ. ನಮ್ಮ ಅತ್ತೆಗೂ ಇದೇ ಸಂಧಿವಾತ, ಅವರ ಡಾಕ್ಟರ್ ಊಟದ ಅಣಬೆಗೆ ಬೇಡ ಅಂದಿಲ್ಲ, ನೀವೂ ಒಂದು ಮಾತು ಕೇಳಿಕೊಳ್ಳಿ. ಕೊಣಾಜೆಯ ವಿಶ್ವವಿದ್ಯಾಲಯದವರು ನಮ್ಮ ಕಲ್ಲಣಬೆಯ ಪೌಷ್ಟಿಕತೆ ಎಲ್ಲ ಪರೀಕ್ಷೆ ಮಾಡಿದ್ದಾರೆ, ಪ್ರೋಟೀನ್, ನಾರು ಚೆನ್ನಾಗಿದೆ.

ಹುಷಾರಾಗಬೇಕಾದದ್ದು ಬೇರೆ ಕಡೆ. ಮೊದಲ ಗುಡುಗು ಮಳೆ ಆದ ಕೂಡಲೇ ಮಾರುಕಟ್ಟೆಗೆ ಬರುವುದು ಎಳೆಯದು, ಕೋಳಿಗಿಂತ ರೇಟು ಜಾಸ್ತಿ, ಆದರೂ ಅದನ್ನೇ ತಗೊಳ್ಳಿ. ಗೊತ್ತಿರುವವರ ಹತ್ತಿರವೇ ತಗೊಳ್ಳಿ, ಯಾಕೆಂದರೆ ನೋಡಲು ಹಾಗೇ ಉರುಟಾಗಿರುವ ವಿಷದ ಜಾತಿಯೂ ಗುಡ್ಡದಲ್ಲಿ ಏಳುತ್ತದೆ. ಮಣ್ಣು ಹೋಗುವವರೆಗೆ ನಾಲ್ಕೈದು ನೀರಿನಲ್ಲಿ ಉಜ್ಜಿ ತೊಳೆದು, ಒಂದೊಂದನ್ನೂ ಎರಡು ಹೋಳು ಮಾಡಿ ನೋಡಿ. ಒಳಗೆ ಬೆಳ್ಳಗೆ ಗಟ್ಟಿಯಾಗಿದ್ದರೆ ಮಾತ್ರ ಪಾತ್ರೆಗೆ, ಕಪ್ಪು ಅಥವಾ ನೇರಳೆ ತಿರುಗಿದ್ದರೆ ತಿಪ್ಪೆಗೆ. ಅರೆಬೆಂದದ್ದು ಅಮ್ಮನ ಹೊಟ್ಟೆಗೆ ಆಗಲಿಕ್ಕಿಲ್ಲ, ಚೆನ್ನಾಗಿ ಬೇಯಿಸಿಯೇ ಸುಕ್ಕ ಮಾಡಿ. ಕಾಯಿ ಹೇಗೂ ನೀವೇ ತುರಿಯುವುದಲ್ವಾ, ಸ್ವಲ್ಪ ಜಾಸ್ತಿಯೇ ಹಾಕಿ.